ಕೊನೆಯ ಗೆರೆ ಎಳೆಯುವವರು ಯಾರು?

ಇವತ್ತು ಒಂದು ನಕ್ಷೆಯ ಕತೆ ಹೇಳಬೇಕು ಅಂತ ಬಂದಿದ್ದೇನೆ. ಅದಕ್ಕೂ ಮೊದಲು, ದಾರಿ ತಪ್ಪಿದ ನಾಲ್ವರ ಕತೆ ಕೇಳಿ.

1910ರ ಡಿಸೆಂಬರ್ 21. ಕೆನಡಾದ ವಾಯವ್ಯ ತುದಿಯಲ್ಲಿ, ಧ್ರುವವೃತ್ತಕ್ಕಿಂತಲೂ ಮೇಲೆ, ಫೋರ್ಟ್ ಮ್ಯಾಕ್‌ಫರ್ಸನ್ ಎಂಬ ಠಾಣೆ. ಅಲ್ಲಿಂದ ನಾಲ್ವರ ಪೊಲೀಸ್ ಗಸ್ತೊಂದು ಡಾಸನ್ ಪಟ್ಟಣದ ಕಡೆಗೆ ಹೊರಟಿತು. ನಾಯಿಗಳು ಎಳೆಯುವ ಜಾರುಬಂಡಿ, ಅದರ ಮೇಲೆ ಟಪಾಲಿನ ಚೀಲ. ಬೇಗ ಮುಟ್ಟುವ ಹುರುಪಿನಲ್ಲಿ ಬುತ್ತಿಯನ್ನೂ ಕಡಿಮೆಯೇ ಕಟ್ಟಿಕೊಂಡಿದ್ದರು. ಸುಮಾರು 750 ಕಿಲೋಮೀಟರ್ ಹಾದಿ. ಹಾದಿ ಅಂದರೆ ಹೆಪ್ಪುಗಟ್ಟಿದ ನದಿ, ಅದಕ್ಕೆ ಸೇರುವ ತೊರೆ, ತೊರೆ ಹಿಡಿದು ಏರುವ ಕಣಿವೆ, ಅಷ್ಟೇ. ಮೊದಲ ಕೆಲವು ದಿನ ಏಸಾವ್ ಜಾರ್ಜ್ ಎಂಬ ಗ್ವಿಚಿನ್ ಬುಡಕಟ್ಟಿನವನೊಬ್ಬ ದಾರಿ ತೋರಿಸಿದ. ಹೊಸವರ್ಷದ ದಿನ ಗಸ್ತಿನ ನಾಯಕ ಫಿಟ್ಜೆರಾಲ್ಡ್ ಅವನ ಕೂಲಿ ಕೊಟ್ಟು ಕಳಿಸಿಬಿಟ್ಟ. ನಮ್ಮಲ್ಲೇ ದಾರಿ ಬಲ್ಲವನಿದ್ದಾನಲ್ಲ ಅನ್ನುವ ಧೈರ್ಯ. ಹಾಗೆ ದಾರಿ ಬಲ್ಲವನು ಕಾರ್ಟರ್. ಅವನು ಆ ಹಾದಿಯಲ್ಲಿ ಹಿಂದೆ ಬಂದದ್ದು ಒಂದೇ ಸಲ, ಅದೂ ಎದುರು ದಿಕ್ಕಿನಿಂದ.

ತಿರುಗಬೇಕಾದ ತೊರೆ ಸಿಗಲೇ ಇಲ್ಲ. ಮೈನಸ್ 45 ಡಿಗ್ರಿ ದಾಟಿದ ಚಳಿಯಲ್ಲಿ ಒಂದು ವಾರಕ್ಕೂ ಮಿಕ್ಕಿ ಈ ತೊರೆಯೋ ಆ ತೊರೆಯೋ ಅಂತ ಹುಡುಕಿದರು. ಬುತ್ತಿ ಮುಗಿದ ಮೇಲೆ ನಾಯಿಗಳನ್ನು ಒಂದೊಂದಾಗಿ ಕೊಂದು ತಿಂದರು. ಹಿಂದಕ್ಕೆ ತಿರುಗಿದವರು ಹೊರಟ ಠಾಣೆಗೆ ಕೆಲವೇ ಹರದಾರಿ ದೂರದಲ್ಲಿ, ನಾಲ್ವರೂ ಸತ್ತರು. ಹುಡುಕಲು ಡಾಸನ್‌ನಿಂದ ಹೊರಟ ತಂಡದ ಮುಖ್ಯಸ್ಥನ ಹೆಸರು ಡೆಂಪ್‌ಸ್ಟರ್. ಅವನು ಮಾತ್ರ ಆ ತಪ್ಪು ಮಾಡಲಿಲ್ಲ. ಚಾರ್ಲಿ ಸ್ಟೀವರ್ಟ್ ಎಂಬ ಗ್ವಿಚಿನ್ ದಾರಿಗಾರನನ್ನು ಕೊನೆಯವರೆಗೂ ಜೊತೆಗಿಟ್ಟುಕೊಂಡ.

ಆ ನಾಲ್ವರು ದಾರಿ ತಪ್ಪಿದ್ದು ಪೀಲ್ ನದಿಯ ಜಲಾನಯನದಲ್ಲಿ. ನನ್ನ ನಕ್ಷೆಯ ಕತೆಯೂ ಅಲ್ಲಿಯದೇ. ಪೀಲ್ ಜಲಾನಯನದ ಯುಕಾನ್ ಭಾಗದ ವಿಸ್ತಾರ 67 ಸಾವಿರ ಚದರ ಕಿಲೋಮೀಟರಿಗೂ ಹೆಚ್ಚು. ಅಂದರೆ ನಮ್ಮ ಕರ್ನಾಟಕದ ಮೂರನೆಯ ಒಂದು ಪಾಲಿಗಿಂತ ದೊಡ್ಡದು. ಅಷ್ಟು ನೆಲದಲ್ಲಿ ಒಂದು ಊರಿಲ್ಲ. ಯುಕಾನ್ ಪ್ರಾಂತದ ಇಡೀ ಜನಸಂಖ್ಯೆಯೇ 2021ರ ಜನಗಣತಿಯಲ್ಲಿ 40 ಸಾವಿರದ ಆಸುಪಾಸು ಇತ್ತು, ನಮ್ಮ ಒಂದು ಸಾಧಾರಣ ತಾಲೂಕು ಪಟ್ಟಣದಷ್ಟು. ವಿಮಾನದಿಂದ ನೋಡಿದವರಿಗೆ ಇದು ಬರಿದು ನೆಲ. ಆದರೆ ವಿಂಡ್, ಸ್ನೇಕ್, ಹಾರ್ಟ್, ಬಾನೆಟ್ ಪ್ಲೂಮ್ ಎಂಬ ಹೊಳೆಗಳ ಒಂದೊಂದು ತಿರುವಿಗೂ ಗ್ವಿಚಿನ್ನರಲ್ಲಿ, ಅವರ ನೆರೆಯ ನಾಚೊ ನ್ಯಾಕ್ ಡನ್ ಮತ್ತು ಟ್ರಾಂಡೆಕ್ ಹ್ವೆಚಿನ್ ಜನರಲ್ಲಿ ಒಂದೊಂದು ನೆನಪಿದೆ. ಇಲ್ಲಿ ಮೀನು, ಅಲ್ಲಿ ಕಾಡುಹಣ್ಣು, ಆ ದಿಬ್ಬದಾಚೆ ಚಳಿಗಾಲ ಕಳೆಯಲು ಬರುವ ಕ್ಯಾರಿಬೂ ಹಿಂಡು. ಕ್ಯಾರಿಬೂ ಅಂದರೆ ಹಿಮಸಾರಂಗ, ಅವರ ಊಟ, ಉಡುಪು ಎರಡೂ.

ಇಂಥ ನೆನಪನ್ನು ಸರ್ಕಾರಕ್ಕೆ ಅರ್ಥವಾಗುವಂತೆ ಹೇಳುವುದು ಹೇಗೆ? ಭೂಬಳಕೆ ಯೋಜನೆ ಅಂದರೆ ನಮಗೆ ನೆನಪಾಗುವುದು ನಗರಾಭಿವೃದ್ಧಿ ಪ್ರಾಧಿಕಾರದ ಗೋಡೆಯ ಮೇಲಿನ ಬಣ್ಣಬಣ್ಣದ ಹಾಳೆ. ಹಳದಿ ಮನೆಗೆ, ನೀಲಿ ಅಂಗಡಿಗೆ, ಹಸಿರು ಪಾರ್ಕಿಗೆ. ಅದನ್ನು ಯಾರೋ ಬರೆಯುತ್ತಾರೆ, ನಾವು ಆಕ್ಷೇಪಣೆ ಸಲ್ಲಿಸುತ್ತೇವೆ. ಉತ್ತರದ ಆದಿವಾಸಿಗಳು 1970ರ ದಶಕದಲ್ಲಿ ಈ ಕ್ರಮವನ್ನೇ ತಿರುವಿಹಾಕಿದರು. ಪೀಲ್‌ನ ಪೂರ್ವಕ್ಕೆ ಬಹು ದೂರ, ಇನ್ಯುಯಿಟ್ ಜನರ ನಾಡಿನಲ್ಲಿ ಮಿಲ್ಟನ್ ಫ್ರೀಮನ್ ಎಂಬ ಮಾನವಶಾಸ್ತ್ರಜ್ಞರ ಮುಂದಾಳತ್ವದಲ್ಲಿ ಒಂದು ಕೆಲಸ ನಡೆಯಿತು. ಬೇಟೆಗಾರನ ಮುಂದೆ ಅವನ ಸೀಮೆಯ ನಕ್ಷೆ ಹರಡಿ, ಪೆನ್ನು ಅವನ ಕೈಗೇ ಕೊಡುವುದು. ನಿನ್ನ ಬದುಕಿನುದ್ದಕ್ಕೂ ನೀನು ಕ್ಯಾರಿಬೂ ಹೊಡೆದದ್ದು ಎಲ್ಲೆಲ್ಲಿ, ಸುತ್ತುಹಾಕು. ಸೀಲ್ ಎಲ್ಲಿ? ಮೀನು ಎಲ್ಲಿ? ವ್ಯಾಪಾರದ ಅಂಗಡಿ ಬರುವ ಮುಂಚೆ ಎಲ್ಲಿ, ಬಂದ ಮೇಲೆ ಎಲ್ಲಿ, ಸರ್ಕಾರ ಕಟ್ಟಿದ ಊರಿಗೆ ಸೇರಿಕೊಂಡ ಮೇಲೆ ಎಲ್ಲಿ? ಒಬ್ಬೊಬ್ಬನದೂ ಒಂದು ನಕ್ಷಾ ಆತ್ಮಕಥೆ. ಎಲ್ಲವನ್ನೂ ಒಂದರ ಮೇಲೊಂದು ಇಟ್ಟಾಗ ಹುಡುಕಿದರೂ ಬಿಳಿ ಜಾಗ ಸಿಗುವುದು ಕಡಿಮೆ. ಇನ್ನೂ ಒಂದು ಸೋಜಿಗ: ಗೆರೆಗಳು ಕಡಲತೀರದಲ್ಲಿ ನಿಲ್ಲಲೇ ಇಲ್ಲ. ವರ್ಷದ ಬಹುಪಾಲು ಕಡಲು ಗಟ್ಟಿಯಾಗಿರುವ ಕಡೆ ಮಂಜುಗಡ್ಡೆಯೂ ಓಡಾಡುವ ನೆಲವೇ. ಮೂರು ಸಂಪುಟಗಳಲ್ಲಿ 1976ರಲ್ಲಿ ಬಂದ ಆ ಕೆಲಸ, 1999ರಲ್ಲಿ ನೂನಾವುಟ್ ಎಂಬ ಪ್ರಾಂತ ಹುಟ್ಟಲು ಹಾಕಿದ ಬುನಾದಿಯ ಕಲ್ಲುಗಳಲ್ಲಿ ಒಂದು.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಗೆರೆ ಎಳೆಯುವುದರಲ್ಲಿ ಅಪಾಯವೂ ಇದೆ. ಸುತ್ತುಹಾಕಿದ ಜಾಗ ನಿನ್ನದು ಅಂದ ಕೂಡಲೇ, ಸುತ್ತಿನ ಆಚೆಯದು ನಿನ್ನದಲ್ಲ ಅಂತ ವಾದ ಹೂಡಲು ಬರುತ್ತದೆ. ಈ ವರ್ಷ ಬಾರದ ಕ್ಯಾರಿಬೂ ಹತ್ತು ವರ್ಷದ ಮೇಲೆ ಬರಬಹುದು. ಅದನ್ನು ನಕ್ಷೆಗೆ ವಿವರಿಸುವುದು ಕಷ್ಟ.

ಯುಕಾನ್‌ಗೆ ಮರಳೋಣ. 1973ರಲ್ಲಿ ಎಲೈಜಾ ಸ್ಮಿತ್ ಎಂಬ ಮುಖಂಡರ ಜೊತೆ ಯುಕಾನ್‌ನ ಆದಿವಾಸಿ ನಾಯಕರು ರಾಜಧಾನಿ ಒಟ್ಟಾವಾಕ್ಕೆ ಹೋಗಿ ಪ್ರಧಾನಿ ಪಿಯರ್ ಟ್ರುಡೊ ಕೈಗೆ ತಮ್ಮ ಹಕ್ಕೊತ್ತಾಯ ಕೊಟ್ಟರು. ಒಪ್ಪಂದದ ಚೌಕಟ್ಟಿಗೆ ಸಹಿ ಬಿದ್ದದ್ದು 20 ವರ್ಷ ಕಳೆದು, 1993ರಲ್ಲಿ. ಅದರಲ್ಲಿ ಆದಿವಾಸಿಗಳು ತಮ್ಮ ಸ್ವಂತಕ್ಕೆ ಇಟ್ಟುಕೊಂಡದ್ದು ಯುಕಾನ್‌ನ ನೂರಕ್ಕೆ ಒಂಬತ್ತು ಪಾಲಿನಷ್ಟೂ ಇಲ್ಲ. ಪೀಲ್‌ನಲ್ಲಂತೂ ನೂರಕ್ಕೆ ಮೂರು. ಇಷ್ಟು ಕಡಿಮೆಗೆ ಏಕೆ ಒಪ್ಪಿದರು? ಉಳಿದ 97 ಪಾಲು ನೆಲದಲ್ಲಿ ಏನಾಗಬೇಕು ಅನ್ನುವುದನ್ನು ಕೂತು ಮಾತಾಡಿ ತೀರ್ಮಾನಿಸುವಾಗ ನಮಗೂ ಒಂದು ಕುರ್ಚಿ ಇರುತ್ತದೆ ಅನ್ನುವ ಭರವಸೆಗೆ. ಒಪ್ಪಂದದ 11ನೇ ಅಧ್ಯಾಯವೇ ಭೂಬಳಕೆ ಯೋಜನೆಯದು.

ಆ ಕುರ್ಚಿಯ ಬೆಲೆ ತಿಳಿಯಬೇಕಾದರೆ ಎದುರಿಗಿರುವ ಕಾನೂನನ್ನೂ ನೋಡಬೇಕು. ಯುಕಾನ್‌ನಲ್ಲಿ 18 ತುಂಬಿದ ಯಾರು ಬೇಕಾದರೂ ತೆರವಾಗಿರುವ ನೆಲದಲ್ಲಿ ಎರಡು ಗೂಟ ನೆಟ್ಟು, ಕಚೇರಿಯಲ್ಲಿ 10 ಡಾಲರ್ ಕಟ್ಟಿ, 1,500 ಅಡಿ ಚೌಕದ ಜಾಗದ ಅಡಿಯ ಖನಿಜ ತನ್ನದೆಂದು ಬರೆಸಬಹುದು. ಚಿನ್ನದ ಹುಚ್ಚಿನ ಕಾಲದಿಂದ ಉಳಿದುಬಂದ ಪದ್ಧತಿ. ಈ ಶತಮಾನದ ಮೊದಲ ದಶಕದಲ್ಲಿ ಪೀಲ್‌ನೊಳಗೆ ಇಂಥ ಗೂಟಗಳು ಸಾವಿರಗಟ್ಟಲೆ ಬಿದ್ದವು.

2004ರಲ್ಲಿ ಪೀಲ್ ಯೋಜನಾ ಆಯೋಗ ಕೂತಿತು. ಸದಸ್ಯರು ಆರೇ ಮಂದಿ, ಯುಕಾನ್ ಸರ್ಕಾರ ಮತ್ತು ನಾಲ್ಕು ಆದಿವಾಸಿ ಸಮುದಾಯಗಳು ಸೂಚಿಸಿದವರು. ಏಳು ವರ್ಷ ಹಿಡಿಯಿತು. ಊರೂರಿನ ಸಭೆಗಳು, ಹಿರಿಯರ ಮಾತು, ಗಣಿಯವರ ಮಾತು, ಕ್ಯಾರಿಬೂ ಲೆಕ್ಕ. 2011ರ ಅಂತಿಮ ಶಿಫಾರಸು: ನೂರಕ್ಕೆ 80 ಪಾಲು ಉಳಿಸಿಕೊಳ್ಳೋಣ, 20 ಪಾಲು ತೆರೆಯೋಣ. ನಡುವೆ ಕರಡು ತೋರಿಸಿದಾಗ ಸರ್ಕಾರ ಹೇಳಿದ್ದು ಇಷ್ಟೇ: ಸಮತೋಲನ ಇನ್ನೂ ಬೇಕು, ಒಳಗೆ ಹೋಗಿಬರಲು ಅವಕಾಶ ಹೆಚ್ಚಲಿ. ಎಲ್ಲಿ, ಎಷ್ಟು ಅಂತ ಬಿಡಿಸಿ ಹೇಳಲಿಲ್ಲ.

2014ರ ಜನವರಿಯಲ್ಲಿ ಅದೇ ಸರ್ಕಾರ ತನ್ನದೇ ಯೋಜನೆ ಹೊರಡಿಸಿತು. ಅದರಲ್ಲಿ 71 ಪಾಲು ತೆರೆದದ್ದು, 29 ಪಾಲು ಉಳಿಸಿದ್ದು. ಕೇಳಿದರೆ, ಒಪ್ಪಂದದಲ್ಲೇ ಬರೆದಿದೆಯಲ್ಲ, ಅಂತಿಮ ಶಿಫಾರಸನ್ನು ಸರ್ಕಾರ ಒಪ್ಪಬಹುದು, ತಿರಸ್ಕರಿಸಬಹುದು, ಇಲ್ಲವೇ ಮಾರ್ಪಡಿಸಬಹುದು. ನಾವು ಮಾರ್ಪಡಿಸಿದ್ದೇವೆ! ಏಳು ವರ್ಷದ ಮಾತುಕತೆ ಈ ಒಂದು ಕ್ರಿಯಾಪದದ ಮೇಲೆ ಬಂದು ನಿಂತಿತು. ಹೊಲಿಸಲು ಕೊಟ್ಟ ಅಂಗಿಯ ತೋಳು ಗಿಡ್ಡ ಮಾಡಿದರೆ ಮಾರ್ಪಾಡು, ನಿಜ. ಅಂಗಿ ಕೇಳಿದವನಿಗೆ ಚೀಲ ಹೊಲಿದು ಕೊಟ್ಟರೆ?

ಆದಿವಾಸಿ ಸಮುದಾಯಗಳೂ ಎರಡು ಪರಿಸರ ಸಂಘಟನೆಗಳೂ ನ್ಯಾಯಾಲಯಕ್ಕೆ ಹೋದವು. ಅವರ ವಕೀಲರ ಹೆಸರು ಕೇಳಿದರೆ ಉತ್ತರದ ಹಳಬರು ಕಿವಿ ನಿಮಿರಿಸುತ್ತಾರೆ: ಥಾಮಸ್ ಬರ್ಗರ್. 1970ರ ದಶಕದಲ್ಲಿ ಮೆಕೆಂಜಿ ಕಣಿವೆಯಲ್ಲಿ ಅನಿಲದ ಕೊಳವೆ ಹಾಯಿಸುವ ಪ್ರಸ್ತಾವ ಬಂದಾಗ ವಿಚಾರಣಾ ಆಯೋಗದ ನ್ಯಾಯಮೂರ್ತಿ ಇವರೇ. 35 ಊರುಗಳಿಗೆ ತಾವೇ ಹೋಗಿ ಕೂತು ಸುಮಾರು ಸಾವಿರ ಜನರ ಮಾತು ಕೇಳಿದರು. 1977ರ ವರದಿಯಲ್ಲಿ ಹತ್ತು ವರ್ಷ ಕೊಳವೆ ಬೇಡ ಅಂದರು. ಅದೇ ಬರ್ಗರ್ 2017ರ ಮಾರ್ಚ್‌ನಲ್ಲಿ, 84ರ ಹೊಸ್ತಿಲಲ್ಲಿ, ಸುಪ್ರೀಂ ಕೋರ್ಟಿನಲ್ಲಿ ಪೀಲ್ ಪರವಾಗಿ ವಾದಿಸಲು ಎದ್ದು ನಿಂತರು.

ತೀರ್ಪು ಬಂದದ್ದು ಆ ವರ್ಷದ ಡಿಸೆಂಬರ್ 1ಕ್ಕೆ, ಸರ್ವಾನುಮತದಿಂದ. ಮಾರ್ಪಡಿಸುವ ಅಧಿಕಾರ ಸರ್ಕಾರಕ್ಕೆ ಇದೆ, ಆದರೆ ಅದು ಸಣ್ಣಪುಟ್ಟದ್ದಾಗಿರಬೇಕು. ಮೊದಲೇ ಸ್ಪಷ್ಟವಾಗಿ ಹೇಳಿದ ಸಲಹೆಯನ್ನು ಆಧರಿಸಿರಬೇಕು, ಇಲ್ಲವೇ ಬದಲಾದ ಪರಿಸ್ಥಿತಿಗೆ ಉತ್ತರವಾಗಿರಬೇಕು. ಕೊನೆಯ ಗಳಿಗೆಯಲ್ಲಿ ಇಡೀ ಹಾಳೆಯನ್ನೇ ಬದಲಿಸುವುದು ಸಲ್ಲದು. ನನಗೆ ಈ ತೀರ್ಪಿನಲ್ಲಿ ಹಿಡಿಸಿದ್ದು ಅದರ ಮಿತಿ. ಪೀಲ್‌ನಲ್ಲಿ ಇಷ್ಟು ಕಾಡು ಉಳಿಯಲೇಬೇಕು ಅಂತ ಅದು ಹೇಳಲಿಲ್ಲ. ಜೊತೆಗೆ ಕೂತು ಬರೆದ ನಕ್ಷೆಯ ಕೊನೆಯ ಗೆರೆಯನ್ನು ಒಬ್ಬರೇ ಎದ್ದುಹೋಗಿ ಪಕ್ಕದ ಕೋಣೆಯಲ್ಲಿ ಎಳೆಯುವ ಹಾಗಿಲ್ಲ, ಅಷ್ಟನ್ನೇ ಹೇಳಿತು.

2019ರ ಆಗಸ್ಟ್‌ನಲ್ಲಿ ಮೇಯೊ ಎಂಬ ಹಳ್ಳಿಯಲ್ಲಿ ಎಲ್ಲರೂ ಸಹಿ ಹಾಕಿದರು. ಅಷ್ಟರಲ್ಲಿ ಸರ್ಕಾರವೂ ಬದಲಾಗಿತ್ತು. ಈಗಿನ ಯೋಜನೆಯಲ್ಲಿ 83 ಪಾಲು ಸಂರಕ್ಷಿತ. ಅದರಲ್ಲಿ 55 ಪಾಲು ಕಾಯಂ, ಉಳಿದದ್ದು ಕಾಲಕಾಲಕ್ಕೆ ಮರುಪರಿಶೀಲನೆಗೆ ಒಳಪಟ್ಟದ್ದು. ಮೊದಲೇ ನೆಟ್ಟಿದ್ದ ಗಣಿ ಗೂಟಗಳು ಸಹಿಯ ಜೊತೆಗೇ ಮಾಯವಾಗಲಿಲ್ಲ, ಅದೂ ನಿಜ.

ಆ ಸೀಮೆಯ ಪಶ್ಚಿಮದ ಅಂಚಿನಲ್ಲಿ ಈಗ ಒಂದು ರಸ್ತೆಯಿದೆ, 1979ರಲ್ಲಿ ತೆರೆದದ್ದು, ಜಲ್ಲಿಯ ರಸ್ತೆ. ಹೆಸರು ಡೆಂಪ್‌ಸ್ಟರ್ ಹೆದ್ದಾರಿ. ಹುಡುಕಹೋದ ಪೊಲೀಸನ ಹೆಸರು ಅದಕ್ಕಿದೆ, ಅವನಿಗೆ ದಾರಿ ತೋರಿಸಿದವನದ್ದಿಲ್ಲ. ಫೋರ್ಟ್ ಮ್ಯಾಕ್‌ಫರ್ಸನ್ ಹತ್ತಿರ ಆ ರಸ್ತೆ ಪೀಲ್ ನದಿಯನ್ನು ದಾಟುತ್ತದೆ, ಸೇತುವೆ ಇಲ್ಲದೆ. ಬೇಸಿಗೆಯಲ್ಲಿ ಲಾರಿಗಳನ್ನು ದೊಡ್ಡ ದೋಣಿಯಲ್ಲಿ ದಾಟಿಸುತ್ತಾರೆ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನದಿಯ ಮೇಲೇ ಓಡಾಟ. ಮಂಜು ಕಟ್ಟುವ ಕೆಲವು ವಾರ, ಮತ್ತೆ ಒಡೆಯುವ ಕೆಲವು ವಾರ, ಎರಡೂ ಇಲ್ಲ. ಆಗ ಲಾರಿಯವರು ದಡದಲ್ಲಿ ಕಾಯುತ್ತಾರೆ.