ಮುಡುಕುತೊರೆಯ ಜೇಡಗಳು ಮತ್ತು ಒಂದು ಬಿಳಿ ಓಢನಿ

(ಸಂಘದ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣ)



ಉರ್ದು ಮತ್ತು ಕನ್ನಡ ಕಲಿಸುವ ಟೀಚರಿಗೆ ಜೇಡದ ಸಹವಾಸ ಯಾಕೆ ಎಂದು ನಿಮ್ಮಲ್ಲಿ ಕೆಲವರು ಈಗಾಗಲೇ ನಗುತ್ತಿರಬಹುದು. ನಿಜ ಹೇಳುತ್ತೇನೆ, ನಾನಾಗಿ ಹೋದವಳಲ್ಲ. ನಮ್ಮ ವಿಜ್ಞಾನದ ಮೇಷ್ಟ್ರು ಏಳನೇ ತರಗತಿಯ ಮಕ್ಕಳನ್ನು ಜೇಡ ಹಿಡಿಯಲು ಮುಡುಕುತೊರೆಗೆ ಕರೆದೊಯ್ಯುವುದಾಗಿ ಹೇಳಿದಾಗ, ಹೆಣ್ಣುಮಕ್ಕಳ ಜೊತೆ ಒಬ್ಬ ಟೀಚರ್ ಇರಲೇಬೇಕೆಂದು ತಾಯಂದಿರು ಹಟ ಹಿಡಿದರು. ಹಾಗಾಗಿ ಹೋದೆ. ಹೋಗಿ ಬಂದ ಮೇಲೆ ನಾನು ಪಾಠ ಮಾಡುವ ರೀತಿಯೇ ಸ್ವಲ್ಪ ಬದಲಾಯಿತು. ಅದನ್ನೇ ನಿಮ್ಮ ಮುಂದೆ ಹೇಳುತ್ತೇನೆ.

ಮುಡುಕುತೊರೆ ನಿಮಗೆಲ್ಲ ಗೊತ್ತಿರುವ ಊರು. ಟಿ. ನರಸೀಪುರದಿಂದ ತಲಕಾಡಿಗೆ ಹೋಗುವವರಿಗೆ ದಾರಿಯಲ್ಲೇ ಬೆಟ್ಟ ಕಾಣುತ್ತದೆ. ಮುಡುಕು ಎಂದರೆ ತಿರುವು, ತೊರೆ ಎಂದರೆ ಹೊಳೆ. ಕಾವೇರಿ ಅಲ್ಲಿ ತಿರುಗಿ ಹರಿಯುತ್ತಾಳೆ. ಬೆಟ್ಟದ ಮೇಲಿರುವ ಮಲ್ಲಿಕಾರ್ಜುನಸ್ವಾಮಿ ದೇವಸ್ಥಾನ ತಲಕಾಡಿನ ಪಂಚಲಿಂಗಗಳಲ್ಲಿ ಒಂದು. ಜಾತ್ರೆಯ ಕಾಲದಲ್ಲಿ ಸೇರುವ ದನಗಳ ಪರಿಷೆಗೆ ನಮ್ಮ ತಾತ ಕೂಡ ಎತ್ತು ನೋಡಲು ಹೋಗುತ್ತಿದ್ದರು. ಕೆಳಗೆ ನಾಲೆಯ ನೀರು, ಹಸಿರು ಗದ್ದೆ. ಬೆಟ್ಟದ ಬುಡಕ್ಕೆ ಬಂದರೆ ಬಂಡೆ, ತಂಗಡಿ, ಜಾಲಿ, ಲಂಟಾನ, ಪಾಪಸುಕಳ್ಳಿ. ಇಂಥ ಒಣ ಕುರುಚಲಿನಲ್ಲಿ ಏನಿರುತ್ತದೆ ಎಂದು ನಾನು ಕೇಳಿದ್ದೆ. ಮೇಷ್ಟ್ರು ಸುಮ್ಮನೆ ನಕ್ಕರು. ದೇವಸ್ಥಾನದ ದಾರಿಗೆ ಹೋಗದೆ, ರೈತರೊಬ್ಬರ ಅನುಮತಿ ಪಡೆದು ಅವರ ಹೊಲದ ಬೇಲಿಯಲ್ಲೇ ಕೆಲಸ ಶುರು ಮಾಡಿದೆವು.

ಹೊರಡುವ ಹಿಂದಿನ ದಿನ ಒಂದು ತಕರಾರು ಎದ್ದಿತ್ತು. ನಮ್ಮ ಮನೆಗಳಲ್ಲಿ ಮೈಮೇಲೆ ಬೊಬ್ಬೆ ಎದ್ದರೆ ‘ಮಕ್ಡಿ ಮೂತ್ ಗಯೀ’ ಎನ್ನುತ್ತಾರಲ್ಲ? ಜೇಡ ಉಚ್ಚೆ ಹೊಯ್ದರೆ ಮಕ್ಕಳ ಮುಖ ಕೆಡುತ್ತದೆ ಎಂದು ಒಬ್ಬ ತಾಯಿ ಚೀಟಿಗೆ ಸಹಿ ಹಾಕಲಿಲ್ಲ. ಇದರಲ್ಲಿ ಜೇಡದ ತಪ್ಪು ಏನೂ ಇಲ್ಲ. ಅಂಥ ಬೊಬ್ಬೆ ಎಷ್ಟೋ ಸಲ ಸರ್ಪಸುತ್ತು, ಅಂದರೆ ವೈರಸ್ಸಿನಿಂದ ಬರುವ ಕಾಯಿಲೆ. ಇನ್ನೆಷ್ಟೋ ಸಲ ಪೀಡರಸ್ ಎಂಬ ಸಣ್ಣ ಜೀರುಂಡೆಯ ಕೆಲಸ. ರಾತ್ರಿ ದೀಪಕ್ಕೆ ಬರುವ ಅದನ್ನು ಮೈಮೇಲೆ ಉಜ್ಜಿ ಕೊಂದಾಗ ಅದರೊಳಗಿನ ರಸ ಚರ್ಮವನ್ನು ಸುಡುತ್ತದೆ. ಹೆಚ್ಚುಕಡಿಮೆ ಎಲ್ಲ ಜೇಡಗಳಿಗೂ ವಿಷ ಇರುವುದು ನಿಜ, ಆದರೆ ಅದು ನೊಣ, ಮಿಡತೆಗಳಿಗಾಗಿ. ಮನುಷ್ಯನಿಗೆ ಅಪಾಯ ಮಾಡುವಂಥವು ಬಹಳ ಕಡಿಮೆ. ಹಾಗೆಂದು ಬರಿಗೈಯಲ್ಲಿ ಹಿಡಿಯಬೇಡಿ. ಆ ತಾಯಿಗೆ ಇಷ್ಟೆಲ್ಲ ವಿವರಿಸಲು ನನಗೆ ಒಂದು ಗಂಟೆ, ಎರಡು ಲೋಟ ಚಹಾ ಬೇಕಾಯಿತು.

ಅವರ ಮಗಳ ಹೆಸರು ಹೇಳುವುದಿಲ್ಲ. ಉರ್ದು ತರಗತಿಯಲ್ಲಿ ಚುರುಕು, ಕನ್ನಡ ತರಗತಿಯಲ್ಲಿ ಬಾಯಿಯೇ ಬಿಡದವಳು. ಎಂಟನೇ ತರಗತಿಗೆ ಕನ್ನಡ ಮಾಧ್ಯಮಕ್ಕೆ ಹೋಗಬೇಕು. ‘ಏಳು ಓದಿದ್ದು ಸಾಕು’ ಎಂಬ ಮಾತು ಮನೆಯಲ್ಲಿ ಆಗಲೇ ನಡೆದಿತ್ತು. ನಮ್ಮ ಎಷ್ಟು ಹೆಣ್ಣುಮಕ್ಕಳು ಇದೇ ಹೊಸಿಲಿನಲ್ಲಿ ನಿಂತುಬಿಡುತ್ತಾರೆ ಎಂಬುದನ್ನು ಸಂಘದ ಹಿರಿಯರಿಗೆ ನಾನು ಹೇಳಬೇಕಾಗಿಲ್ಲ.

ಜೇಡ ಹಿಡಿಯುವ ವಿಧಾನ ಸುಲಭ. ಗಿಡದ ಕೆಳಗೆ ಕೊಡೆಯನ್ನು ತಲೆಕೆಳಗಾಗಿ ಹಿಡಿದು ಕೊಂಬೆಯನ್ನು ಕೋಲಿನಿಂದ ತಟ್ಟಿದರೆ ಒಳಗಿದ್ದದ್ದೆಲ್ಲ ಉದುರುತ್ತದೆ. ನಮ್ಮ ಕೊಡೆ ಕಪ್ಪು, ಸಣ್ಣ ಜೇಡಗಳು ಕಾಣಲೇ ಇಲ್ಲ. ಆಗ ಆ ಹುಡುಗಿ ತನ್ನ ಚೀಲದಿಂದ ಹಳೆಯ ಬಿಳಿ ಓಢನಿ ತೆಗೆದು ತಂಗಡಿ ಗಿಡದ ಕೆಳಗೆ ಹರಡಿದಳು. ತಟ್ಟಿದ ಕೂಡಲೇ ಎಲೆ, ಧೂಳು, ಇರುವೆಗಳ ನಡುವೆ ಹತ್ತಾರು ಜೇಡಗಳು ಓಡಾಡತೊಡಗಿದವು. ಹಸಿರು ಬಣ್ಣದ, ಕಾಲಿಗೆಲ್ಲ ಮುಳ್ಳಿನಂಥ ಕೂದಲಿರುವ ಲಿಂಕ್ಸ್ ಜೇಡ. ಏಡಿಯಂತೆ ಅಡ್ಡಡ್ಡ ನಡೆಯುವ ಏಡಿ ಜೇಡ. ತಿರುಗಿ ನಮ್ಮನ್ನೇ ದಿಟ್ಟಿಸುವ ಜಿಗಿಯುವ ಜೇಡ. ಎಂಟು ಕಾಲು, ಎರಡು ಭಾಗದ ದೇಹ, ರೆಕ್ಕೆ ಇಲ್ಲ, ಮೀಸೆ ಇಲ್ಲ, ಆದ್ದರಿಂದ ಜೇಡ ಕೀಟವಲ್ಲ ಎಂಬ ಪಾಠವನ್ನು ಮೇಷ್ಟ್ರು ಅಲ್ಲೇ ಮುಗಿಸಿದರು.

ನನ್ನ ಪಾಲಿಗೆ ಬಂದದ್ದು ಚೀಟಿ ಬರೆಸುವ ಕೆಲಸ. ಊರು, ತಾರೀಖು, ಯಾವ ಗಿಡ, ಎಷ್ಟು ಎತ್ತರ, ಏನು ಮಾಡುತ್ತಿತ್ತು, ಹಿಡಿದವರು ಯಾರು. ಚೀಟಿ ಇಲ್ಲದ ಜೇಡ ವಿಜ್ಞಾನಕ್ಕೆ ಬೇಡ ಎಂದರು ಮೇಷ್ಟ್ರು. ಒಂದು ಬಾಟಲಿಯಲ್ಲಿ ಸ್ಪಿರಿಟ್ ಇತ್ತು. ಬುಡದ ಒಣಎಲೆಯ ನಡುವೆ ಓಡುತ್ತಿದ್ದ ಒಂದು ಕಂದು ಜೇಡವನ್ನು ನಾನೇ ಉತ್ಸಾಹದಿಂದ ಹಿಡಿದು ಅದರೊಳಗೆ ಹಾಕಿದೆ. ಅದರ ಹಿಂದೆ ಬಟಾಣಿಯಂಥ ಬಿಳಿ ಉಂಡೆ ಅಂಟಿಕೊಂಡಿತ್ತು. ಕಸ ಎಂದುಕೊಂಡೆ. ಹುಡುಗಿ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, ಮೊದಲ ಬಾರಿಗೆ ಕನ್ನಡದಲ್ಲಿ, ‘ಟೀಚರ್, ಇದು ತಾಯಿ. ಇದರ ಹತ್ತಿರ ಮೊಟ್ಟೆ ಇದೆ’ ಎಂದಳು.

ಅದು ತೋಳ ಜೇಡ. ಮೊಟ್ಟೆಯ ಚೀಲವನ್ನು ಹೋದಲ್ಲೆಲ್ಲ ಹೊತ್ತು ತಿರುಗುತ್ತದೆ, ಸಮಯ ಬಂದಾಗ ತಾನೇ ಚೀಲ ಹರಿದು ಮರಿಗಳನ್ನು ಬಿಡಿಸಿ ಬೆನ್ನ ಮೇಲೆ ಏರಿಸಿಕೊಳ್ಳುತ್ತದೆ. ನಾನು ಕೊಂದದ್ದು ಒಂದನ್ನಲ್ಲ. ಮೇಷ್ಟ್ರು ಸಮಾಧಾನ ಹೇಳಿದರು. ನಿಜವಾದ ಸಂಶೋಧಕರಿಗೆ ಮಾದರಿಗಳು ಬೇಕಾಗುತ್ತವೆ, ಎಷ್ಟೋ ಜಾತಿಗಳನ್ನು ಸೂಕ್ಷ್ಮದರ್ಶಕವಿಲ್ಲದೆ ಗುರುತಿಸಲಾಗದು ಎಂದು. ಆದರೆ ನಾವು ಸಂಶೋಧಕರಲ್ಲವಲ್ಲ? ಅಲ್ಲಿಯೇ ನಿಯಮ ಬದಲಾಯಿತು. ಖಾಲಿ ಬಾಟಲಿಯಲ್ಲಿ ಹತ್ತು ನಿಮಿಷ ಇಟ್ಟು ನೋಡುವುದು, ಚಿತ್ರ ಬರೆಯುವುದು, ಚೀಟಿ ಬರೆಯುವುದು, ಹಿಡಿದ ಗಿಡದಲ್ಲೇ ಬಿಡುವುದು. ಇನ್ನೊಂದು ಮಾತು: ಮೀಸಲು ಅರಣ್ಯ, ಅಭಯಾರಣ್ಯಗಳಲ್ಲಿ ಇಲಾಖೆಯ ಅನುಮತಿ ಇಲ್ಲದೆ ಯಾವ ಜೀವಿಯನ್ನೂ ಹಿಡಿಯುವಂತಿಲ್ಲ.

ಮಧ್ಯಾಹ್ನದ ಹೊತ್ತಿಗೆ ಜಾಲಿಯ ಬೇಲಿಯಲ್ಲಿ ಬೂದು ಬಣ್ಣದ ಚಿಂದಿಗಂಟಿನಂಥದ್ದು ಕಂಡಿತು. ಒಣ ಎಲೆ, ಜೀರುಂಡೆಯ ಚಿಪ್ಪು, ನೂಲು ಸೇರಿದ ಗೂಡು. ಅದರೊಳಗೆ ಒಂದಲ್ಲ, ಗುಂಪುಗುಂಪು ಜೇಡಗಳು. ಜೇಡಗಳು ಸಾಮಾನ್ಯವಾಗಿ ಒಂಟಿ, ಒಂದನ್ನೊಂದು ತಿಂದುಬಿಡುತ್ತವೆ. ಸ್ಟೆಗೋಡಿಫಸ್ ಸರಸಿನೋರಮ್ ಎಂಬ ಈ ಜೇಡ ಮಾತ್ರ ದಕ್ಷಿಣ ಭಾರತದ ಒಣನಾಡಿನಲ್ಲಿ ನೂರಾರು ಸೇರಿ ಒಂದೇ ಮನೆಯಲ್ಲಿ ಬಾಳುತ್ತದೆ. ನಮ್ಮ ಕೋಲಾರದ ಗಡಿಯಾಚೆ ಕುಪ್ಪಂ ಸುತ್ತಮುತ್ತ ವಿದೇಶಿ ವಿಜ್ಞಾನಿಗಳು ಇದನ್ನು ಬಂದು ಅಧ್ಯಯನ ಮಾಡಿದ್ದಾರೆ. ಹಗಲು ಒಳಗಿದ್ದು, ಕತ್ತಲಾದ ಮೇಲೆ ಬಲೆ ರಿಪೇರಿ ಮಾಡುತ್ತವೆ. ಬಲೆಗೆ ಅಂಟು ಇಲ್ಲ. ಹಿಂಗಾಲಿನ ಬಾಚಣಿಗೆಯಿಂದ ನೂಲನ್ನು ಬಾಚಿ ಉಣ್ಣೆಯಂತೆ ಮಾಡುತ್ತವೆ, ಹುಳದ ಕಾಲು ಅದಕ್ಕೆ ಸಿಕ್ಕಿಕೊಳ್ಳುತ್ತದೆ. ದೊಡ್ಡ ಮಿಡತೆ ಬಿದ್ದರೆ ಹಲವು ಸೇರಿ ಎಳೆಯುತ್ತವೆ. ಮರಿಗಳಿಗೆ ತಾಯಂದಿರು ತಮ್ಮ ಹೊಟ್ಟೆಯಿಂದಲೇ ಆಹಾರ ಕಕ್ಕಿ ಉಣಿಸುತ್ತವೆ. ಕೊನೆಗೆ ಮರಿಗಳು ತಾಯಿಯನ್ನೇ ತಿನ್ನುತ್ತವೆ. ಇದನ್ನು ಕೇಳಿ ಗಂಡುಹುಡುಗರೂ ಗಪ್‌ಚಿಪ್ ಆದರು. ಬೇಲಿ ಸವರುವಾಗ ಇಂಥ ಗೂಡನ್ನು ಕಸವೆಂದು ಸುಡುತ್ತೇವೆ ಎಂದು ಆ ರೈತರೇ ಹೇಳಿದರು. ಆ ಒಂದು ಗೂಡನ್ನು ಮಾತ್ರ ಬಿಡುವುದಾಗಿ ಮಕ್ಕಳಿಗೆ ಮಾತು ಕೊಟ್ಟರು.

ಮರಳುವಾಗ ಬಸ್ಸಿನಲ್ಲಿ ನನ್ನ ಸರದಿ ಬಂತು. ಜೇಡ ಎಂಬ ಪದಕ್ಕೆ ನೇಕಾರ ಎಂಬ ಅರ್ಥವೂ ಇದೆ ಎಂದೆ. ಜೇಡರ ದಾಸಿಮಯ್ಯನವರ ಹೆಸರಿನಲ್ಲಿರುವುದು ಅದೇ. ಇಂಗ್ಲಿಷಿನ ಸ್ಪೈಡರ್ ಪದವೂ ನೂಲುವುದು ಎಂಬ ಮೂಲದಿಂದ ಬಂದದ್ದು. ಅರಬ್ಬಿಯಲ್ಲಿ ಅಂಕಬೂತ್, ಕುರ್‌ಆನಿನ 29ನೇ ಅಧ್ಯಾಯದ ಹೆಸರು. ಕೂಡಲೇ ಒಬ್ಬ ಹುಡುಗ ಕೇಳಿದ: ಅಲ್ಲಿ ಜೇಡನ ಮನೆ ಬಲಹೀನ ಎಂದಿದೆ, ಮೇಷ್ಟ್ರು ಅದರ ನೂಲು ತೂಕಕ್ಕೆ ತೂಕ ಉಕ್ಕಿಗಿಂತ ಗಟ್ಟಿ ಎಂದರಲ್ಲ? ನಾನು ಉತ್ತರ ಹುಡುಕುವ ಮೊದಲೇ ಆ ಹುಡುಗಿ ಹೇಳಿದಳು: ‘ನೂಲು ಬೇರೆ, ಮನೆ ಬೇರೆ. ನೀನು ಕೋಲು ಬೀಸಿದರೆ ಮನೆ ಉಳಿಯುತ್ತದಾ?’

ಅವಳ ತಂದೆ ರೇಷ್ಮೆ ನೂಲು ತೆಗೆಯುವ ಕೆಲಸದವರು. ಜೇಡದ ನೂಲಿನಿಂದ ಯಾರೂ ಬಟ್ಟೆ ಮಾಡುವುದಿಲ್ಲವೇ ಎಂದು ನನ್ನನ್ನು ಕೇಳಿದರು. ಮಾಡಿದ್ದಾರೆ, ಮಡಗಾಸ್ಕರದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಹೆಣ್ಣು ಜೇಡಗಳಿಂದ ನೂಲು ಎಳೆದು, ಜೇಡಗಳನ್ನು ಮತ್ತೆ ಕಾಡಿಗೆ ಬಿಟ್ಟು, ನೇಯ್ದ ಚಿನ್ನದ ಬಣ್ಣದ ಬಟ್ಟೆಯನ್ನು 2009ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂನಲ್ಲಿ ಇಟ್ಟಿದ್ದರು. ‘ನಾವು ಗೂಡು ಬೇಯಿಸುತ್ತೇವೆ, ಅವರು ಬಿಟ್ಟುಬಿಟ್ಟರಾ?’ ಎಂದು ಅವರು ಬಹಳ ಹೊತ್ತು ಯೋಚಿಸಿದರು. ಮಗಳು ಬರೆದ ಒಂದು ಪುಟದ ಕನ್ನಡ ವರದಿಯನ್ನು ಅವರಿಗೆ ಓದಿ ಹೇಳಿದೆ. ಕಾಗುಣಿತದ ತಪ್ಪು ಹನ್ನೊಂದು. ಎಂಟನೇ ತರಗತಿಯ ಅರ್ಜಿಗೆ ಅವರು ಸಹಿ ಹಾಕಿದ್ದು ಮುಂದಿನ ವಾರ.

ಆ ಸ್ಪಿರಿಟ್ ಬಾಟಲಿ ಈಗಲೂ ನಮ್ಮ ಶಾಲೆಯ ಬೀರುವಿನಲ್ಲಿದೆ. ಚೀಟಿ ಅವಳ ಅಕ್ಷರದಲ್ಲಿದೆ: ಮುಡುಕುತೊರೆ, ತಂಗಡಿ ಗಿಡದ ಬುಡ, ತಾಯಿ ಜೇಡ, ಮೊಟ್ಟೆಯ ಸಮೇತ. ಹಿಡಿದವರು ಎಂಬಲ್ಲಿ ನನ್ನ ಹೆಸರು ಬರೆದಿದ್ದಾಳೆ.

ಈ ಸಲ ಮಳೆ ನಿಂತ ಮೇಲೆ ಮತ್ತೆ ಹೋಗುತ್ತೇವೆ. ಬರುವವರು ಟೋಪಿ, ನೀರು, ಪೆನ್ಸಿಲ್ ತನ್ನಿ. ಶಾಯಿ ಪೆನ್ ಬೇಡ, ಅಳಿಸಿಹೋಗುತ್ತದೆ. ಮನೆಯಲ್ಲಿ ಹಳೆಯ ಬಿಳಿ ಓಢನಿ ಇದ್ದರೆ ಅದನ್ನೂ ತನ್ನಿ.