ವ್ಯಾನಿನಲ್ಲಿ ಟಿ.ವಿ.



ಬೆಟಗೇರಿಯ ಮಾಳಿಗೆಯ ಮೇಲೆ ಆಂಟೆನಾ ತಿರುಗಿಸುವವರಿಗೆ ಒಂದು ಕಾಲಕ್ಕೆ ಕೆಳಗಿನಿಂದ ‘ಬಂತು, ಬಂತು... ಹೋತು!’ ಎಂಬ ಕೂಗು ಕೇಳುತ್ತಿತ್ತು. ಪ್ರವಾಸದ ವ್ಯಾನಿನಲ್ಲಿ ಟಿ.ವಿ. ಇಟ್ಟರೆ ನಿಂತಲ್ಲೆಲ್ಲ ಇದೇ ಕೆಲಸ.

ಒಮ್ಮೆ ಚಿತ್ರೀಕರಣಕ್ಕೆ ಹೋದಾಗ ನಾವು ಆಂಟೆನಾವನ್ನು ವ್ಯಾನಿನೊಳಗೇ ಇಟ್ಟು ಬೂಸ್ಟರ್ ಜೋಡಿಸಿದೆವು. ಪರದೆಯ ಮೇಲೆ ಚುಕ್ಕೆಗಳೇ ಹೆಚ್ಚಿದವು. ವ್ಯಾನಿನ ಲೋಹದ ಮೈ ಅಲೆಗಳನ್ನು ತಡೆದಿತ್ತು. ಬೂಸ್ಟರ್ ಸಂಕೇತದ ಜೊತೆಗೆ ಗದ್ದಲವನ್ನೂ ಹಿಗ್ಗಿಸಿತ್ತು. ಆಂಟೆನಾವನ್ನು ಹೊರಗೆ ಕಂಬಕ್ಕೇರಿಸಿದಾಗ ಚಿತ್ರ ಮೂಡಿತು. ವ್ಯಾನನ್ನು ಒಂದು ಹೆಜ್ಜೆ ಸರಿಸಿದರೂ ಚಿತ್ರ ಬದಲಾಗುವುದುಂಟು. ಗುಡ್ಡ, ಕಟ್ಟಡಗಳಿಗೆ ಬಡಿದು ಬಂದ ಅಲೆ ನೇರ ಅಲೆಯನ್ನು ಒಂದೆಡೆ ಬಲಗೊಳಿಸಿದರೆ, ಪಕ್ಕದಲ್ಲೇ ಕುಗ್ಗಿಸುತ್ತದೆ. 7ನೆಯ ಚಾನೆಲ್ಲಿನ ಅಲೆಯುದ್ದವೇ ಸುಮಾರು 1.6 ಮೀಟರ್!

2022ರ ಹೊತ್ತಿಗೆ ದೂರದರ್ಶನದ ಭೂ ಟ್ರಾನ್ಸ್‌ಮಿಟರುಗಳು ಬಹುಪಾಲು ಮುಚ್ಚಿದವು. ಇಂದು ಡಿ.ಡಿ. ಫ್ರೀ ಡಿಶ್ ಬರುವುದು 93.5 ಡಿಗ್ರಿ ಪೂರ್ವ ರೇಖಾಂಶದ ನೇರಕ್ಕಿರುವ ಜಿಸ್ಯಾಟ್-15 ಉಪಗ್ರಹದಿಂದ. ಬೆಟಗೇರಿಗೆ ಅದು ಆಗ್ನೇಯದಲ್ಲಿ, ಕ್ಷಿತಿಜಕ್ಕಿಂತ ಸುಮಾರು 63 ಡಿಗ್ರಿ ಮೇಲಿದೆ. ಅಲ್ಲಿಗೆ ಒಂದು ಬೇವಿನ ಮರ ಅಡ್ಡ ಬಂದರೂ ಚಿತ್ರ ಕೈಕೊಡುತ್ತದೆ.

ಆದ್ದರಿಂದ ಹೊಸ ಉಪಕರಣಕ್ಕೆ ಹಣ ಸುರಿಯುವ ಮೊದಲು ವ್ಯಾನಿನಿಂದ ಇಳಿಯಿರಿ. ಅಲೆ ಯಾವ ದಿಕ್ಕಿನಿಂದ ಬರುತ್ತದೆ, ನಡುವೆ ಏನು ಅಡ್ಡವಿದೆ ಎಂಬುದನ್ನು ನೋಡಿ.