ಕಸಬರಿಗೆ ಕಸುಬಾಗಲಿ, ಜಾತಿಯಾಗದಿರಲಿ

(ಬಾಗಲಕೋಟೆಯಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹರೂಪ)



ಇವತ್ತು ಕಸಬರಿಗೆ ಬಗ್ಗೆ ಮಾತಾಡೋಣ. ಓದೋ ಹುಡುಗರ ಮುಂದೆ ಸಂಡಾಸದ ಮಾತು ಯಾಕೆ ಅಂತ ಕೆಲವರು ಕೇಳಬಹುದು. ಊರು ನಮ್ಮ ಕೈಗೆ ಮೊದಲು ಕೊಟ್ಟದ್ದು ಪಾಟಿ ಅಲ್ಲ, ಕಸಬರಿಗೆ. ಅದರ ಲೆಕ್ಕ ಮೊದಲು ಆಗಲಿ.

ಇಳಕಲ್ ಸೀರೆಗೆ ಕೊಂಡಿ ಹಾಕಿ ಸೆರಗು ಕೂಡಿಸುವ ನೇಕಾರನನ್ನು ಕುಶಲಕರ್ಮಿ ಅಂತಾರೆ. ಅನ್ನಲೇಬೇಕು. ಗಟಾರ ಬಳಿಯುವ ನಮ್ಮ ಅವ್ವಂದಿರ ಕೆಲಸಕ್ಕೆ ಮಾತ್ರ 'ಅದು ಅವರಿಗೆ ಹುಟ್ಟಿನಿಂದ ಬಂದದ್ದು' ಅಂತಾರೆ. ಸುಳ್ಳು. ಇದೂ ಕಲಿಯಬೇಕಾದ ವಿದ್ಯೆ. ಮೇಲಿನಿಂದ ಕೆಳಕ್ಕೆ, ಸ್ವಚ್ಛ ಇದ್ದ ಕಡೆಯಿಂದ ಹೊಲಸಿನ ಕಡೆಗೆ ಒರೆಸಬೇಕು. ಸಂಡಾಸದ ಅರಿವೆ ಅಡುಗೆಮನೆಗೆ ಹೋಗಬಾರದು. ಬ್ಲೀಚಿಂಗ್ ಪೌಡರಿಗೆ ಆ್ಯಸಿಡ್ ಕೂಡಿಸಿದರೆ ಕ್ಲೋರಿನ್ ವಿಷಗಾಳಿ ಏಳುತ್ತದೆ. ಮಲದ ಗುಂಡಿಯ ಹೈಡ್ರೋಜನ್ ಸಲ್ಫೈಡ್ ಮೊದಲು ಕೊಳೆತ ತತ್ತಿಯಂತೆ ನಾರುತ್ತದೆ. ಹೆಚ್ಚಾದರೆ ಮೂಗನ್ನೇ ಸಾಯಿಸುತ್ತದೆ. ವಾಸನೆ ನಿಂತಿತು, ಇನ್ನು ಇಳಿಯಬಹುದು ಅಂದವನು ಮೇಲೆ ಬರೋದಿಲ್ಲ. ಇದನ್ನೆಲ್ಲ ಹುಟ್ಟು ಕಲಿಸುತ್ತದೇನು?

ಕಾನೂನಿಗೇನೂ ಬರ ಇಲ್ಲ. ದೇವರಾಜ ಅರಸು ಸರ್ಕಾರದ ಮಂತ್ರಿ ಬಿ. ಬಸವಲಿಂಗಪ್ಪನವರು 1970ರ ದಶಕದಲ್ಲೇ ತಲೆ ಮೇಲೆ ಮಲ ಹೊರೋದನ್ನು ನಿಲ್ಲಿಸಲು ಆಜ್ಞೆ ಮಾಡಿದರು. ದೇಶಕ್ಕೆ ಕಾಯಿದೆ ಬಂದದ್ದು 1993ರಲ್ಲಿ. ಆದರೂ 2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಬಂಧುಗಳು ತಮ್ಮ ಮೈಮೇಲೆ ತಾವೇ ಮಲ ಸುರಿದುಕೊಂಡು ನಿಂತರು. ನಮ್ಮ ಬದುಕು ನೋಡ್ರಿ ಅಂತ ಹೇಳೋಕೆ ಅವರಿಗೆ ಬೇರೆ ಭಾಷೆ ಉಳಿದಿರಲಿಲ್ಲ. 2013ರಲ್ಲಿ ಮತ್ತೊಂದು ಕಾಯಿದೆ: ರಕ್ಷಣೆ ಇಲ್ಲದೆ ಮನುಷ್ಯನನ್ನು ಒಳಚರಂಡಿಗೆ, ಸೆಪ್ಟಿಕ್ ಟ್ಯಾಂಕಿಗೆ ಇಳಿಸಿದರೆ ಮೊದಲ ಸಲಕ್ಕೇ 2 ವರ್ಷದವರೆಗೆ ಜೈಲು, ಇಲ್ಲವೆ 2 ಲಕ್ಷದವರೆಗೆ ದಂಡ, ಇಲ್ಲವೆ ಎರಡೂ. ಒಳಚರಂಡಿಯಲ್ಲಿ ಸತ್ತವರ ಮನೆಗೆ ಕೊಡುವ ಪರಿಹಾರವನ್ನು ಸುಪ್ರೀಂ ಕೋರ್ಟು 2023ರಲ್ಲಿ 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿತು. ಸತ್ತ ಮೇಲಿನ ದರ ಗೊತ್ತಾಯಿತು. ಬದುಕಿದ್ದಾಗ ಒಂದು ಜೊತೆ ಗಂಬೂಟಿಗೆ ದುಡ್ಡಿಲ್ಲವೇ?

ಈಗ ನಮ್ಮೂರಿನ ಲೆಕ್ಕ. 1970ರ ದಶಕದಲ್ಲಿ ಐ.ಪಿ.ಡಿ. ಸಾಲಪ್ಪ ಸಮಿತಿ 500 ಜನಕ್ಕೆ ಒಬ್ಬ ಪೌರಕಾರ್ಮಿಕ ಬೇಕು ಅಂದಿತು. ಆಮೇಲೆ ಸರ್ಕಾರ ಅದನ್ನು 700 ಮಾಡಿತು. 2011ರ ಜನಗಣತಿಯಲ್ಲಿ ಬಾಗಲಕೋಟೆ ಪಟ್ಟಣದ ಜನ ಸುಮಾರು 1 ಲಕ್ಷ 11 ಸಾವಿರ. 500ರ ಲೆಕ್ಕಕ್ಕೆ 222 ಜನ ಬೇಕು, 700ರ ಲೆಕ್ಕಕ್ಕೆ 159 ಸಾಕು. ಕಾಗದದ ಮೇಲೆ ಒಂದು ಅಂಕಿ ತಿದ್ದಿದರು. 63 ಜನರ ಹೊರೆ ಉಳಿದವರ ಬೆನ್ನೇರಿತು. ಬಾದಾಮಿಯಲ್ಲಿ ಗುಹೆ ನೋಡಲು ಬಂದವರು, ಬನಶಂಕರಿ ಜಾತ್ರೆಗೆ ಬಂದವರು ಯಾವ ಜನಗಣತಿಯಲ್ಲೂ ಇಲ್ಲ. ಅವರು ಬಿಟ್ಟುಹೋದ ಎಲೆ, ಬಾಟಲಿ, ಹೇಲು ಮಾತ್ರ ನಮ್ಮ ಪಾಲು.

ಹುನಗುಂದ ಸೀಮೆಯ ಕೂಡಲಸಂಗಮ ಬಸವಣ್ಣನ ನೆಲ. ಶರಣರ ಕಾಲದಲ್ಲಿ ಅಂಗಳ ಗುಡಿಸುವ ಕಾಯಕದ ಸತ್ಯಕ್ಕ ವಚನ ಬರೆದಳು, ಶರಣೆ ಅನಿಸಿಕೊಂಡಳು. ಕಾಯಕ ಅನ್ನೋ ಆ ದೊಡ್ಡ ಮಾತನ್ನು ಈಗ ಹೊಟ್ಟೆಗೆ ಒದ್ದೆ ಬಟ್ಟೆ ಮಾಡಿದ್ದಾರೆ. ಸೆಪ್ಟೆಂಬರ್ 23 ಪೌರಕಾರ್ಮಿಕರ ದಿನ: ಶಾಲು, ಹಾರ, ಕಾಯಕಯೋಗಿ ಅನ್ನೋ ಭಾಷಣ. 24ಕ್ಕೆ ಮತ್ತೆ ಬರಿಗೈ, ಅದೇ ಗಟಾರ. ಹಾರ ಬ್ಯಾಡ್ರಿ, ಕೈಗವಸು ಕೊಡ್ರಿ.

ಓದಿದರೆ ಇದರಿಂದ ಪಾರಾದೆವು ಅಂದುಕೊಳ್ಳಬೇಡಿ. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲೂಕಿನ ಒಂದು ವಸತಿ ಶಾಲೆಯಲ್ಲಿ ನಮ್ಮ ಮಕ್ಕಳನ್ನೇ ಮಲದ ಗುಂಡಿಗೆ ಇಳಿಸಿದ ಸುದ್ದಿ ಇಡೀ ನಾಡು ನೋಡಿತು. ಪುಸ್ತಕ ಹಿಡಿದ ಕೈಯನ್ನೂ ಜಾತಿ ಹುಡುಕಿಕೊಂಡು ಬರುತ್ತದೆ.

ಹಂಗಾದರೆ ನಾವೇನು ಮಾಡಬೇಕು? ಹಾಸ್ಟೆಲಿನಿಂದಲೇ ಶುರು ಮಾಡೋಣ. ನಮ್ಮ ಕೋಣೆ ನಾವೇ ಗುಡಿಸೋಣ. ಸರದಿ ಪಟ್ಟಿಯಲ್ಲಿ ಎಲ್ಲ ಜಾತಿಯವರ ಹೆಸರೂ ಇರಲಿ. ಗುಂಡಿಗೆ ಮಾತ್ರ ಯಂತ್ರ ಇಳಿಯಲಿ, ಮನುಷ್ಯ ಬೇಡ. ನಮ್ಮ ಸಂಡಾಸ ತೊಳೆಯುವ ಅಕ್ಕನಿಗೆ ಗವಸು, ಬೂಟು, ಸಾಬೂನು, ಬಟ್ಟೆ ಬದಲಿಸಲು ಒಂದು ಕೋಣೆ ಇದೆಯೇ, ಪಗಾರ ಯಾವ ತಾರೀಖಿಗೆ ಬರುತ್ತದೆ, ಕೇಳೋಣ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ನಾಲ್ಕೂ ಕಡೆ ಮಾಹಿತಿ ಹಕ್ಕಿನ ಅರ್ಜಿ ಹಾಕೋಣ: ಕಾಯಂ ಎಷ್ಟು ಜನ, ಗುತ್ತಿಗೆ ಎಷ್ಟು, ಕಳೆದ ವರ್ಷ ಎಷ್ಟು ಬೂಟು ಕೊಂಡಿರಿ, ಯಾರಿಗೆ ಕೊಟ್ಟಿರಿ? 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ. ಬೆಂಗಳೂರಿನಲ್ಲಿ 2025ರ ಮೇ 1ರಂದು 12 ಸಾವಿರಕ್ಕೂ ಹೆಚ್ಚು ಪೌರಕಾರ್ಮಿಕರಿಗೆ ಕಾಯಂ ಆದೇಶ ಸಿಕ್ಕಿತು. ಬೀದಿಯಲ್ಲಿ ಕೂತು, ವರ್ಷಗಟ್ಟಲೆ ಹೋರಾಡಿ ಪಡೆದದ್ದು ಅದು.

ನೆಲ ಎಷ್ಟು ಹೊಳೆಯುತ್ತದೆ ಅಂತ ನೋಡಿ ಸ್ವಚ್ಛತೆ ಅಳೆಯೋದು ಸಾಕು. ತೊಳೆದವಳ ಅಂಗೈ ನೋಡಿ ಅಳೆಯೋಣ. ಕಸುಬು ಅಂದರೆ ಬೇಕಾದವರು ಕಲಿತು ಒಳಗೆ ಬರಬೇಕು, ಬೇಡಾದವರು ಬಿಟ್ಟು ಹೊರಗೆ ಹೋಗಬೇಕು. ಹೊರಗೆ ಹೋಗೋ ಬಾಗಿಲು ಇಲ್ಲದ್ದು ಕಸುಬಲ್ಲ, ಜೈಲು. ಆ ಬಾಗಿಲು ತೆಗೆಯೋ ಕೆಲಸ ಓದಿದ ನಮ್ಮ ಮೇಲಿದೆ.

ಜೈ ಭೀಮ್.